ಎಲೆಯ ಬೆನ್ನಿನ ಸಾಕ್ಷ್ಯ: ಜರಿಗಿಡಗಳನ್ನು ಗುರುತಿಸಿದ ಚರಿತ್ರೆ

ಹೂವಿಲ್ಲದ, ಕಾಯಿಲ್ಲದ ಗಿಡವನ್ನು ಯಾವ ಲಕ್ಷಣದಿಂದ ಇಂಥದೆಂದು ನಿರ್ಣಯಿಸಬೇಕು? ಈ ಪ್ರಶ್ನೆ ಸಸ್ಯಶಾಸ್ತ್ರಜ್ಞರನ್ನು ಬಹುಕಾಲ ಕಾಡಿತು. ಸಸ್ಯಗಳನ್ನು ಹೂವಿನ ಕೇಸರಗಳ ಆಧಾರದಿಂದ ವಿಂಗಡಿಸಿದ ಲಿನೇಯಸನು 1753ರ ತನ್ನ ಗ್ರಂಥದಲ್ಲಿ ಜರಿ, ಹಾವಸೆ, ಪಾಚಿ, ಅಣಬೆಗಳೆಲ್ಲವನ್ನೂ ಇಪ್ಪತ್ತನಾಲ್ಕನೆಯದಾದ ಕೊನೆಯ ವರ್ಗಕ್ಕೆ ತುಂಬಿದನು. ಆ ವರ್ಗಕ್ಕೆ ಅವನಿಟ್ಟ ‘ಕ್ರಿಪ್ಟೊಗೇಮಿಯ’ ಎಂಬ ಹೆಸರಿಗೆ ‘ಗುಪ್ತವಿವಾಹ’ವೆಂದು ಅರ್ಥ. ತಿಳಿಯದುದನ್ನು ಗುಪ್ತವೆಂದು ಕರೆಯುವುದು ಶಾಸ್ತ್ರಕಾರರಿಗೂ ತಪ್ಪಿದ್ದಲ್ಲವೆಂದು ತೋರುತ್ತದೆ.

ಆದರೆ ಇದಕ್ಕೆ ಅರುವತ್ತು ವರ್ಷಗಳ ಮೊದಲೇ, 1693ರಲ್ಲಿ, ನಮ್ಮ ನೆರೆಯ ಮಲಬಾರಿನ ಜರಿಗಿಡಗಳು ಹೆಸರು ಸಮೇತ ಅಚ್ಚಾಗಿದ್ದುವು. ಡಚ್ಚರ ಅಧಿಕಾರಿ ವಾನ್ ರೀಡನು ಇಟ್ಟಿ ಅಚ್ಯುತನ್ ಎಂಬ ವೈದ್ಯನ ಮತ್ತು ರಂಗಭಟ್ಟ, ವಿನಾಯಕ ಪಂಡಿತ, ಅಪ್ಪುಭಟ್ಟರೆಂಬ ಮೂವರು ಕೊಂಕಣಿ ಬ್ರಾಹ್ಮಣರ ನೆರವಿನಿಂದ ಸಿದ್ಧಪಡಿಸಿದ ‘ಹೋರ್ಟಸ್ ಮಲಬಾರಿಕಸ್’ ಗ್ರಂಥದ ಹನ್ನೆರಡನೆಯ ಸಂಪುಟದಲ್ಲಿ ಅವುಗಳ ಚಿತ್ರಗಳಿವೆ. ಅಲ್ಲಿ ‘ಪನ್ನ-ಕೆಲೆಂಗು-ಮರವರ’ ಎಂಬುದೊಂದು ಗಿಡ. ‘ಪನ್ನ’ವೆಂದರೆ ಜರಿ, ‘ಕೆಲೆಂಗು’ ಎಂದು ಬರೆದಿರುವುದು ಗೆಡ್ಡೆ ಎಂಬರ್ಥದ ಕಿಳಂಗು, ಕೊನೆಯ ಪದದಲ್ಲಿರುವ ಮರ ಕನ್ನಡದ ಮರವೇ. ಗೆಡ್ಡೆಯಂತೆ ದಪ್ಪನಾದ ಕಾಂಡವುಳ್ಳ, ಮರದ ಮೇಲೆ ಬೆಳೆಯುವ ಜರಿಯೆಂದು ಹೆಸರೇ ಹೇಳುತ್ತದೆ. ಇದೇ ಗಿಡಕ್ಕೆ ಲಿನೇಯಸನು ಓಕ್ ಎಲೆಯುಳ್ಳದ್ದೆಂಬರ್ಥದಲ್ಲಿ ‘ಕ್ವರ್ಸಿಫೋಲಿಯಮ್’ ಎಂದು ಹೆಸರಿಟ್ಟನು. ಈ ಗಿಡಕ್ಕೆ ಎರಡು ಬಗೆಯ ಎಲೆಗಳಿವೆ: ಬೀಜಕಗಳನ್ನು ಹೊರುವ ಉದ್ದನೆಯ ಹಸುರೆಲೆ ಒಂದು, ಬುಡದಲ್ಲಿ ಗೂಡಿನಂತೆ ನಿಂತು ಕಸಕಡ್ಡಿಗಳನ್ನು ಹಿಡಿದಿಡುವ, ಬೇಗನೆ ಒಣಗಿ ಕಂದಾಗುವ ಬಂಜೆ ಎಲೆ ಇನ್ನೊಂದು. ಓಕನ್ನು ಹೋಲುವುದು ಈ ಬಂಜೆ ಎಲೆ. ಗುರುತಿಸುವವನಿಗೆ ಮಲಬಾರಿನ ಹೆಸರೇ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಎಲೆಯ ಆಕಾರದ ಮೋಹ ಬಿಟ್ಟದ್ದು ಮುಂದಿನ ತಲೆಮಾರಿನಲ್ಲಿ. 1793ರಲ್ಲಿ ಜೇಮ್ಸ್ ಎಡ್ವರ್ಡ್ ಸ್ಮಿತ್ತನು ಎಲೆಯ ಬೆನ್ನಿನಲ್ಲಿ ಬೀಜಕಗಳ ಗುಂಪು ಎಲ್ಲಿದೆ, ಅದರ ಮೇಲಿನ ತೆಳುಪೊರೆ ಯಾವ ಕಡೆಗೆ ತೆರೆಯುತ್ತದೆ ಎಂಬುದನ್ನೇ ಜಾತಿನಿರ್ಣಯದ ಆಧಾರವಾಗಿ ಹಿಡಿದನು. ಮರುವರ್ಷವೇ ಜಾನ್ ಲಿಂಡ್ಸೆ ಎಂಬ ವೈದ್ಯನು ಜಮೈಕದಲ್ಲಿ ಆ ಧೂಳನ್ನು ಬಿತ್ತಿ ಗಿಡ ಮೊಳೆಯಿಸಿದ ವೃತ್ತಾಂತ ಪ್ರಕಟವಾಯಿತು. ಗುಪ್ತವಿವಾಹದ ರಹಸ್ಯವನ್ನು 1851ರಲ್ಲಿ ಹಾಫ್‌ಮೈಸ್ಟರನು ಪೂರ್ಣವಾಗಿ ಬಿಡಿಸಿದನು. ಬೀಜಕದಿಂದ ನೇರವಾಗಿ ಜರಿ ಹುಟ್ಟುವುದಿಲ್ಲ; ಮೊದಲು ಉಗುರಿನಷ್ಟು ಚಿಕ್ಕದಾದ ಹಸುರು ಹಾಳೆಯೊಂದು ಹುಟ್ಟಿ, ಅದರ ಮೇಲೆ ಗರ್ಭಾಧಾನ ನಡೆದು, ಬಳಿಕ ಜರಿ ಏಳುತ್ತದೆ.

ಈ ಹೊಸ ದೃಷ್ಟಿಯನ್ನು ನಮ್ಮ ಕಾಡುಗಳಿಗೆ ತಂದವರಲ್ಲಿ ರಿಚರ್ಡ್ ಹೆನ್ರಿ ಬೆಡ್ಡೋಮ್ ಪ್ರಮುಖನು. ಮದರಾಸು ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಈ ಸೇನಾಧಿಕಾರಿಯು 1863-64ರಲ್ಲಿ ದಕ್ಷಿಣ ಭಾರತದ ಜರಿಗಳ ಸಚಿತ್ರ ಗ್ರಂಥವನ್ನೂ, 1883ರಲ್ಲಿ ಇಡೀ ಬ್ರಿಟಿಷ್ ಭಾರತಕ್ಕೆ ಕೈಪಿಡಿಯನ್ನೂ ಪ್ರಕಟಿಸಿದನು. ಅಷ್ಟರಲ್ಲಿ ಕನ್ನಡ ಕರಾವಳಿ ಎರಡು ಪ್ರಾಂತಗಳಿಗೆ ಹಂಚಿಹೋಗಿತ್ತು. ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿದು, ಉತ್ತರ ಕನ್ನಡ 1862ರಲ್ಲಿ ಮುಂಬಯಿಗೆ ಸೇರಿತು. ಆದುದರಿಂದ ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿನ ಸ್ವಿಸ್ ಪಾದ್ರಿ ಬ್ಲಾಟರ್ ಅವರೂ ಜೆ. ಎಫ್. ಡಿ’ಆಲ್ಮೇಡ ಅವರೂ 1922ರಲ್ಲಿ ಹೊರತಂದ ‘ಮುಂಬಯಿಯ ಜರಿಗಿಡಗಳು’ ಎಂಬ ಇಂಗ್ಲಿಷ್ ಗ್ರಂಥದ ಶೀರ್ಷಿಕೆಯಲ್ಲಿರುವ ಮುಂಬಯಿ ನಾವು ವಾಸಿಸುವ ನಗರವಷ್ಟೇ ಅಲ್ಲ, ಆಗ ಉತ್ತರ ಕನ್ನಡವನ್ನೂ ಒಳಗೊಂಡಿದ್ದ ಪ್ರಾಂತ. 1956ರ ಏಕೀಕರಣದಿಂದ ಆಡಳಿತ ಒಂದಾದರೂ, ಕನ್ನಡ ನಾಡಿನ ಜರಿಗಳ ಹಿಂದಿನ ಚರಿತ್ರೆಯನ್ನು ಅರಸುವವನು ಇಂದಿಗೂ ಮದರಾಸಿನ ಪುಸ್ತಕವನ್ನೂ ಮುಂಬಯಿಯ ಪುಸ್ತಕವನ್ನೂ ಪಕ್ಕಪಕ್ಕದಲ್ಲಿಟ್ಟುಕೊಂಡೇ ಓದಬೇಕಾಗಿದೆ. ಬ್ಲಾಟರ್ ಅವರ ಹೆಸರಿನ ಸಸ್ಯಸಂಗ್ರಹಾಲಯ ಆ ಕಾಲೇಜಿನಲ್ಲಿಯೇ ಇದೆ. ನಮ್ಮವರು ಅತ್ತ ಹೋಗುವುದು ಅಪರೂಪ.

ಹಾಗಾದರೆ ಎಲೆಯ ಬೆನ್ನೊಂದೇ ಸಾಲದೆ? ಸಾಲದು. ಕೊಡಗಿನವರು ಮಳೆಗಾಲದಲ್ಲಿ ಪಲ್ಯಮಾಡುವ ‘ತೆರ್ಮೆ ತೊಪ್ಪು’ ಇನ್ನೂ ಬಿಚ್ಚದೆ ಸುರುಳಿಯಾಗಿರುವ ಜರಿಯ ಚಿಗುರು. ಶಾಸ್ತ್ರದಲ್ಲಿ ಇದು ‘ಡಿಪ್ಲೇಜಿಯಮ್ ಎಸ್ಕುಲೆಂಟಮ್’. ಬೆಳೆದ ಎಲೆಯಲ್ಲಿ ಬೀಜಕಗಳು ನರಗಳ ಗುಂಟ ಗೆರೆಗೆರೆಯಾಗಿರುತ್ತವೆ. ಪಶ್ಚಿಮ ಘಟ್ಟದ ಬಯಲು ಇಳಿಜಾರುಗಳಲ್ಲಿ ಬೆಳೆಯುವ ‘ಬ್ರೇಕನ್’ ಎಂಬ ಜರಿಯಲ್ಲಾದರೋ ಅವು ಅಂಚಿನ ಮಡಿಕೆಯಡಿಯಲ್ಲಿರುತ್ತವೆ. ಅದರಲ್ಲಿ ಕ್ಯಾನ್ಸರಿಗೆ ಕಾರಣವಾಗುವ ವಿಷವಿದೆ. ಎರಡರ ಚಿಗುರೂ ಸುರುಳಿಯೇ, ಚಿಗುರಿನಲ್ಲಿ ಬೀಜಕಗಳಿರುವುದಿಲ್ಲ. ಸ್ಮಿತ್ತನ ಸೂತ್ರ ಇಲ್ಲಿ ಮೌನ. ಗಿಡ ತೊರೆಯ ಬದಿಯ ತೇವದಲ್ಲಿದೆಯೇ, ಒಣ ಇಳಿಜಾರಿನಲ್ಲಿದೆಯೇ, ಬುಡ ಹೇಗಿದೆ, ಪಕ್ಕದ ಬಲಿತ ಎಲೆ ಹೇಗಿದೆ ಎಂಬುದನ್ನೆಲ್ಲ ನೋಡಬೇಕು. ಅಂದರೆ ‘ಪನ್ನ-ಕೆಲೆಂಗು-ಮರವರ’ ಎಂದವನು ಗಮನಿಸಿದುದನ್ನೇ ಗಮನಿಸಬೇಕು. ಬುಡವಿಲ್ಲದ, ನೆಲೆಯ ವಿವರವಿಲ್ಲದ, ಊರಿನ ಹೆಸರಿಲ್ಲದ ಒಂದು ತುಂಡೆಲೆಯನ್ನು ಹಾಳೆಗೆ ಅಂಟಿಸಿದರೆ ತಜ್ಞನಿಗೂ ಅದು ಒಗಟು.

ಶಾಸ್ತ್ರೀಯ ನಾಮಗಳೂ ನಿಂತ ನೀರಲ್ಲ. ಬೆಡ್ಡೋಮನ ಕೈಪಿಡಿಯ ಹೆಸರುಗಳು ಎಷ್ಟು ಬದಲಾದುವೆಂದರೆ 1974ರಲ್ಲಿ ನಾಯರ್ ಮತ್ತು ಸುರ್ಜಿತ್ ಕೌರ್ ಅದಕ್ಕೊಂದು ಸಂಗಾತಿ ಗ್ರಂಥವನ್ನೇ ರಚಿಸಬೇಕಾಯಿತು. ಲಿನೇಯಸನು ಹಾವಸೆಗಳೊಡನೆ ಸೇರಿಸಿದ್ದ ಲೈಕೊಪೋಡಿಯಮ್ ಅತ್ತ ಹಾವಸೆಯೂ ಅಲ್ಲ, ಇತ್ತ ಜರಿಯೂ ಅಲ್ಲ, ಬೇರೆಯೇ ಕವಲೆಂದು 2016ರ ವರ್ಗೀಕರಣ ಹೇಳುತ್ತದೆ. ಮಲಬಾರಿನ ಆ ಗೆಡ್ಡೆ-ಜರಿ ‘ಪಾಲಿಪೋಡಿಯಮ್’ ಕುಲದಿಂದ ‘ಡ್ರೈನೇರಿಯ’ಕ್ಕೆ ಬಂದಿತ್ತು, ಈಚೆಗೆ ಕೆಲವರು ಅದನ್ನು ‘ಆಗ್ಲಾವೊಮಾರ್ಫ’ ಕುಲಕ್ಕೆ ಸೇರಿಸುತ್ತಾರೆ. ಇಷ್ಟು ಮನೆ ಬದಲಾಯಿಸಿದರೂ ಬಂಜೆ ಎಲೆಯಿಂದ ಬಂದ ಓಕಿನ ಹೆಸರನ್ನು ಅದು ಇನ್ನೂ ಹೊತ್ತುಕೊಂಡಿದೆ.