ವಿಪತ್ತು ನಿರ್ವಹಣೆ ಪದವಿ: ಐಚ್ಛಿಕ ವಿಷಯ ಆರಿಸುವ ಬಗೆ

ಸಾರ್ವಜನಿಕ ಸೇವೆ ಮತ್ತು ವಿಪತ್ತು ನಿರ್ವಹಣೆ ಓದುವವರಿಗೆ ಕಡ್ಡಾಯ ವಿಷಯಗಳನ್ನು ವಿಶ್ವವಿದ್ಯಾಲಯವೇ ಗೊತ್ತುಮಾಡುತ್ತದೆ. ವಿದ್ಯಾರ್ಥಿಯ ಕೈಯಲ್ಲಿರುವುದು ಐಚ್ಛಿಕ ವಿಷಯಗಳು ಮಾತ್ರ. ಬಹಳಷ್ಟು ಮಂದಿ ಅಂಕ ಸುಲಭವಾಗಿ ಸಿಗುವ ಪತ್ರಿಕೆಯನ್ನೋ ಗೆಳೆಯರು ತೆಗೆದುಕೊಂಡದ್ದನ್ನೋ ಆರಿಸಿ ಸುಮ್ಮನಾಗುತ್ತಾರೆ. ಆದರೆ ನೆರೆ ಬಂದ ರಾತ್ರಿ ನಿಯಂತ್ರಣ ಕೊಠಡಿಯಲ್ಲಿ ಕೂತವರಿಗೆ ಮಳೆಯ ಅಂಕಿ ಓದಲು ಬರುತ್ತದೆಯೇ, ಕಾಳಜಿ ಕೇಂದ್ರಕ್ಕೆ ಬಂದ ಬಾಣಂತಿಗೆ ಏನು ಬೇಕೆಂದು ಗೊತ್ತಿದೆಯೇ, ಪರಿಹಾರದ ಹಣ ಯಾವ ನಿಧಿಯಿಂದ ಬರುತ್ತದೆಂಬ ಅರಿವಿದೆಯೇ ಎಂಬುದು ಬಹುಮಟ್ಟಿಗೆ ಈ ಆಯ್ಕೆಯನ್ನೇ ಅವಲಂಬಿಸಿದೆ.

ಪದವಿಯ ಹಿನ್ನೆಲೆ

ವಿಪತ್ತು ನಿರ್ವಹಣೆಯನ್ನು ಸ್ವತಂತ್ರ ಪದವಿಯಾಗಿ ಕಲಿಸುವ ಕ್ರಮ ಮೊದಲು ಬೇರೂರಿದ್ದು ಅಮೆರಿಕದಲ್ಲಿ. ಅಲ್ಲಿನ ನಾರ್ತ್ ಟೆಕ್ಸಸ್ ವಿಶ್ವವಿದ್ಯಾಲಯ 1983ರಲ್ಲೇ ಇಂಥ ಸ್ನಾತಕ ಪದವಿಯನ್ನು ಆರಂಭಿಸಿತು. ಭಾರತದಲ್ಲಿ 1999ರ ಒಡಿಶಾ ಚಂಡಮಾರುತ, 2001ರ ಭುಜ್ ಭೂಕಂಪ, 2004ರ ಸುನಾಮಿ ಒಂದರ ಹಿಂದೊಂದು ಬಂದು ಸರ್ಕಾರವನ್ನು ಎಚ್ಚರಿಸಿದವು. 2005ರಲ್ಲಿ ವಿಪತ್ತು ನಿರ್ವಹಣಾ ಕಾಯ್ದೆ ಜಾರಿಗೆ ಬಂತು. ರಾಷ್ಟ್ರಮಟ್ಟದ ಪ್ರಾಧಿಕಾರಕ್ಕೆ ಪ್ರಧಾನಿ, ರಾಜ್ಯದ್ದಕ್ಕೆ ಮುಖ್ಯಮಂತ್ರಿ, ಜಿಲ್ಲೆಯದಕ್ಕೆ ಜಿಲ್ಲಾಧಿಕಾರಿ ಅಧ್ಯಕ್ಷರಾದರು. ಈ ವ್ಯವಸ್ಥೆಗೆ ಬೇಕಾದ ತರಬೇತಿ ಪಡೆದವರನ್ನು ಸಿದ್ಧಪಡಿಸಲು ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ, ದೆಹಲಿಯ ಗುರು ಗೋಬಿಂದ್ ಸಿಂಗ್ ಇಂದ್ರಪ್ರಸ್ಥ ವಿಶ್ವವಿದ್ಯಾಲಯಗಳು ಸ್ನಾತಕೋತ್ತರ ಕೋರ್ಸ್‌ಗಳನ್ನು ತೆರೆದವು. ಮನೆಯಿಂದಲೇ ಓದುವವರಿಗೆ ಇಗ್ನೋದ ಸ್ನಾತಕೋತ್ತರ ಡಿಪ್ಲೊಮಾ ಇದೆ.

ಕ್ರೆಡಿಟ್ ಲೆಕ್ಕ

ಯುಜಿಸಿ 2022ರಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120, ನಾಲ್ಕು ವರ್ಷದ್ದಕ್ಕೆ 160 ಕ್ರೆಡಿಟ್ ಬೇಕು. ಒಂದು ಕ್ರೆಡಿಟ್ ಎಂದರೆ ಸೆಮಿಸ್ಟರಿಗೆ 15 ಗಂಟೆಗಳ ಪಾಠ, ಪ್ರಾಯೋಗಿಕವಾದರೆ 30 ಗಂಟೆ. ಕರ್ನಾಟಕ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದೆ. ಹೀಗಾಗಿ ರಾಜ್ಯದಿಂದ ಹೊರಗೆ ಸ್ನಾತಕೋತ್ತರ ಓದಲು ಹೊರಟವರು ಅಲ್ಲಿನ ಪ್ರವೇಶ ನಿಯಮವನ್ನು ಮೊದಲೇ ನೋಡಿಕೊಳ್ಳಬೇಕು. ತಮ್ಮ ಕಾಲೇಜಿನಲ್ಲಿ ಬೇಕಾದ ಪತ್ರಿಕೆ ಇಲ್ಲದಿದ್ದರೆ ‘ಸ್ವಯಂ’ ತಾಣದ ಕೋರ್ಸ್‌ಗಳ ದಾರಿಯಿದೆ. ವಿಶ್ವವಿದ್ಯಾಲಯ ಒಪ್ಪಿದರೆ ಒಂದು ಸೆಮಿಸ್ಟರಿನ ಶೇ. 40ರಷ್ಟು ಕ್ರೆಡಿಟ್ ಅಲ್ಲಿಂದಲೇ ಬರಬಹುದು.

ನಕ್ಷೆ ಮತ್ತು ಮುನ್ಸೂಚನೆ

ಕಲಾ ವಿಭಾಗದಿಂದ ಬಂದವರು ಭೌಗೋಳಿಕ ಮಾಹಿತಿ ವ್ಯವಸ್ಥೆ, ಅಂದರೆ ಜಿಐಎಸ್ ಪತ್ರಿಕೆಗೆ ಅಂಜುತ್ತಾರೆ. ಅವರೇ ಅದನ್ನು ಮೊದಲು ಕಲಿಯಬೇಕು. ಯಾವ ಗುಡ್ಡದ ಕೆಳಗೆ ಎಷ್ಟು ಮನೆಗಳಿವೆ, ನದಿ ಉಕ್ಕಿದರೆ ಯಾವ ರಸ್ತೆ ಮೊದಲು ಮುಳುಗುತ್ತದೆ ಎಂಬುದಕ್ಕೆ ಉತ್ತರ ಸಿಗುವುದು ನಕ್ಷೆಯಲ್ಲಿ. ಇಸ್ರೊ ‘ಭುವನ್’ ತಾಣವನ್ನು 2009ರಲ್ಲಿ ತೆರೆಯಿತು. ಅದರ ಹೈದರಾಬಾದ್ ಕೇಂದ್ರ 2023ರಲ್ಲಿ ಹೊರತಂದ ಭೂಕುಸಿತ ಭೂಪಟದಲ್ಲಿ ದೇಶದ 147 ಜಿಲ್ಲೆಗಳ ವಿವರವಿದೆ. ಆ ಪಟ್ಟಿಯಲ್ಲಿ ಕೊಡಗೂ ಉಂಟು.

ಕರ್ನಾಟಕದಲ್ಲಿ ಈ ವಿದ್ಯೆಗೆ ದೊಡ್ಡ ಕಾರ್ಯಕ್ಷೇತ್ರವಿದೆ. 1988ರಲ್ಲಿ ಬರ ಉಸ್ತುವಾರಿ ಘಟಕವಾಗಿ ಶುರುವಾದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಯಲಹಂಕದಲ್ಲಿದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕಗಳನ್ನಿಟ್ಟು ಅಂಕಿಗಳನ್ನು ಕ್ಷಣಕ್ಷಣಕ್ಕೂ ಪಡೆಯುವ ಈ ಕೇಂದ್ರ, ‘ವರುಣಮಿತ್ರ’ ಸಹಾಯವಾಣಿಯ ಮೂಲಕ ರೈತರಿಗೆ ಮಳೆಯ ಮಾಹಿತಿ ಕೊಡುತ್ತ ಬಂದಿದೆ. ಜಿಐಎಸ್ ಜೊತೆಗೆ ಹವಾಮಾನ ಶಾಸ್ತ್ರ ಇಲ್ಲವೇ ಸಂಖ್ಯಾಶಾಸ್ತ್ರದ ಒಂದು ಪತ್ರಿಕೆ ಓದಿದವರಿಗೆ ಇಂಥ ಕಡೆಯ ಕೆಲಸ ಅಪರಿಚಿತ ಎನಿಸುವುದಿಲ್ಲ.

ಕಾನೂನು ಮತ್ತು ಹಣಕಾಸು

ಐಚ್ಛಿಕ ಪತ್ರಿಕೆಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಗುರಿಯಾದದ್ದು ಸಾರ್ವಜನಿಕ ಹಣಕಾಸು. ಆಡಳಿತದಲ್ಲಿ ಮೊದಲ ದಿನದಿಂದಲೇ ಬೇಕಾಗುವುದೂ ಅದೇ. ರಾಜ್ಯ ವಿಪತ್ತು ಸ್ಪಂದನ ನಿಧಿಗೆ ಕರ್ನಾಟಕದಂಥ ರಾಜ್ಯಗಳಲ್ಲಿ ಕೇಂದ್ರ ಶೇ. 75, ರಾಜ್ಯ ಶೇ. 25 ಪಾಲು ಹಾಕುತ್ತವೆ. ಹಿಮಾಲಯದ ಹಾಗೂ ಈಶಾನ್ಯ ರಾಜ್ಯಗಳಿಗೆ ಕೇಂದ್ರದ ಪಾಲು ಶೇ. 90. ಈ ಹಣ ಬಳಸಲು ವಿಪತ್ತು ಅಧಿಸೂಚಿತ ಪಟ್ಟಿಯಲ್ಲಿರಬೇಕು. 15ನೇ ಹಣಕಾಸು ಆಯೋಗದ ಅವಧಿಯ ನಿಯಮದಲ್ಲಿ ಬರ, ನೆರೆ, ಭೂಕುಸಿತ ಪಟ್ಟಿಯಲ್ಲಿದ್ದವು. ಸಿಡಿಲು, ಬಿಸಿಗಾಳಿ ಇರಲಿಲ್ಲ. ಅಂಥವನ್ನು ರಾಜ್ಯ ವಿಪತ್ತುಗಳೆಂದು ಸಾರಿ ನಿಧಿಯ ಶೇ. 10ರವರೆಗೆ ಬಳಸಲು ಅವಕಾಶವಿತ್ತು. ಸಿಡಿಲಿಗೆ ಬಲಿಯಾದ ಕೂಲಿಯಾಳಿನ ಮನೆಯವರಿಗೆ ಪರಿಹಾರ ಯಾವ ಬಾಬ್ತಿನಿಂದ ಸಿಗಬೇಕೆಂದು ಹೇಳಲು ಈ ನಿಯಮ ತಿಳಿದಿರಬೇಕು.

2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಪರಿಹಾರದ ಹಣಕ್ಕಾಗಿ ರಾಜ್ಯ ಸರ್ಕಾರ 2024ರಲ್ಲಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಕೇಂದ್ರ–ರಾಜ್ಯ ಸಂಬಂಧದ ಪತ್ರಿಕೆ ಎಷ್ಟು ಜೀವಂತ ವಿಷಯವೆಂಬುದಕ್ಕೆ ಇದೊಂದೇ ಸಾಕ್ಷಿ ಸಾಕು. ಕಾಯ್ದೆಗೆ 2025ರಲ್ಲಿ ಬಂದ ತಿದ್ದುಪಡಿ ರಾಜಧಾನಿಗಳಲ್ಲೂ ಮಹಾನಗರ ಪಾಲಿಕೆಯಿರುವ ನಗರಗಳಲ್ಲೂ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ದಾರಿ ಮಾಡಿದೆ. ನಗರ ಯೋಜನೆಯ ಪತ್ರಿಕೆಗೆ ಇದರಿಂದ ಹೊಸ ಮಹತ್ವ ಬಂದಿದೆ.

ಸಂವಹನ ಮತ್ತು ಸಮುದಾಯ

1999ರ ಚಂಡಮಾರುತದಲ್ಲಿ ಒಡಿಶಾ ಹತ್ತು ಸಾವಿರದಷ್ಟು ಜೀವಗಳನ್ನು ಕಳೆದುಕೊಂಡಿತು. 2019ರಲ್ಲಿ ಫನಿ ಅಪ್ಪಳಿಸಿದಾಗ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಮುಂಚೆಯೇ ಸ್ಥಳಾಂತರಿಸಲಾಗಿತ್ತು. ಸತ್ತವರು 64 ಮಂದಿ. ಉಪಗ್ರಹದ ಚಿತ್ರವೊಂದರಿಂದಲೇ ಇದು ಆಗಲಿಲ್ಲ. ಆಸರೆ ಕಟ್ಟಡಗಳು, ಊರೂರಿನ ಸ್ವಯಂಸೇವಕರು, ಸೈರನ್, ಎಸ್ಎಂಎಸ್ ಎಲ್ಲ ಸೇರಿ ಎಚ್ಚರಿಕೆಯನ್ನು ಮನೆಬಾಗಿಲಿಗೆ ತಲುಪಿಸಿದವು. ಜನ ನಂಬುವ ಮಾತಿನಲ್ಲಿ ಎಚ್ಚರಿಕೆ ಹೇಳುವುದನ್ನು ಕಲಿಸುವುದು ಅಪಾಯ ಸಂವಹನದ ಪತ್ರಿಕೆ.

ಸಮಾಜಶಾಸ್ತ್ರವೂ ಇಷ್ಟೇ ಮುಖ್ಯ. ಉತ್ತರ ಕರ್ನಾಟಕದ 2009ರ ನೆರೆಯ ನಂತರ ‘ಆಸರೆ’ ಯೋಜನೆಯಲ್ಲಿ ಕಟ್ಟಿದ ಎಷ್ಟೋ ಮನೆಗಳು ಖಾಲಿ ಉಳಿದವು. ಹೊಲ ಎಲ್ಲಿದೆ, ದನ ಎಲ್ಲಿ ಕಟ್ಟಬೇಕು ಎಂದು ಕೇಳದೆ ಊರನ್ನು ಎತ್ತಿಡಲಾಗದು. ಪುನರ್ವಸತಿಯ ಕೆಲಸಕ್ಕೆ ಹೋಗಬಯಸುವವರು ಗ್ರಾಮೀಣ ಸಮಾಜಶಾಸ್ತ್ರವನ್ನು ಬಿಡಲೇಬಾರದು.

ಆರೋಗ್ಯ ಮತ್ತು ಮನೋಬಲ

ರಾಷ್ಟ್ರೀಯ ಪ್ರಾಧಿಕಾರ 2016ರಲ್ಲಿ ಪರಿಹಾರ ಶಿಬಿರಗಳಿಗೆ ಕನಿಷ್ಠ ಮಾನದಂಡ ಹೊರಡಿಸಿತು. ತಲೆಗೆ 3.5 ಚದರ ಮೀಟರ್ ಜಾಗ, ದಿನಕ್ಕೆ ಕನಿಷ್ಠ 3 ಲೀಟರ್ ಕುಡಿಯುವ ನೀರು ಅದರಲ್ಲಿ ಸೇರಿವೆ. ವಿಧವೆಯರಿಗೂ ಅನಾಥರಿಗೂ ವಿಶೇಷ ಏರ್ಪಾಡು ಮಾಡಬೇಕೆಂದು ಕಾಯ್ದೆಯ 12ನೇ ಸೆಕ್ಷನ್ನೇ ಹೇಳುತ್ತದೆ. ಸಾರ್ವಜನಿಕ ಆರೋಗ್ಯದ ಪತ್ರಿಕೆ ಓದಿದವರಿಗೆ ಈ ಅಂಕಿಗಳ ಹಿಂದಿರುವ ಕಾಲರಾ, ಅತಿಸಾರಗಳ ಭಯ ಅರ್ಥವಾಗುತ್ತದೆ. ಮನಸ್ಸಿಗೆ ಬಿದ್ದ ಪೆಟ್ಟು ಕಣ್ಣಿಗೆ ಕಾಣದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವಿಪತ್ತಿನ ಕಾಲದ ಮನೋಸಾಮಾಜಿಕ ನೆರವಿಗೆಂದೇ ಪ್ರತ್ಯೇಕ ವಿಭಾಗವಿದೆ.

ಕೈಗಾರಿಕಾ ಸುರಕ್ಷತೆ

1984ರ ಭೋಪಾಲ್ ಅನಿಲ ದುರಂತ, 2020ರ ಮೇ 7ರಂದು ವಿಶಾಖಪಟ್ಟಣದಲ್ಲಿ ಆದ ಸ್ಟೈರೀನ್ ಸೋರಿಕೆ ಮನುಷ್ಯನ ಕೈಯಿಂದಾದ ವಿಪತ್ತುಗಳು. ಅಪಾಯಕಾರಿ ರಾಸಾಯನಿಕಗಳ 1989ರ ನಿಯಮಗಳಂತೆ ಕಾರ್ಖಾನೆಯ ಒಳಗೂ ಹೊರಗೂ ತುರ್ತು ಯೋಜನೆ ಇರಬೇಕು. ಎಂಆರ್‌ಪಿಎಲ್ ಇರುವ ಮಂಗಳೂರು, ಕೈಗಾ ಅಣುವಿದ್ಯುತ್ ಕೇಂದ್ರದ ಕಾರವಾರ ಸೀಮೆಯ ವಿದ್ಯಾರ್ಥಿಗಳಿಗೆ ಈ ಪತ್ರಿಕೆ ನೇರವಾಗಿ ನೆರವಾಗುತ್ತದೆ. ಅಗ್ನಿಶಾಮಕ ಕ್ಷೇತ್ರದಲ್ಲಿ ಮುಂದುವರಿಯಬೇಕೆನ್ನುವವರು ನಾಗಪುರದ ರಾಷ್ಟ್ರೀಯ ಅಗ್ನಿಶಾಮಕ ಸೇವಾ ಕಾಲೇಜಿನ ಕೋರ್ಸ್‌ಗಳನ್ನು ಗಮನಿಸಬೇಕು.

ಕ್ಷೇತ್ರಕಾರ್ಯ

ಘಟನಾ ಸ್ಪಂದನ ವ್ಯವಸ್ಥೆಯ ಮಾರ್ಗಸೂಚಿ 2010ರಲ್ಲಿ ಬಂತು. ಒಬ್ಬ ಮುಖ್ಯಸ್ಥ, ಅವರ ಕೆಳಗೆ ಕಾರ್ಯಾಚರಣೆ, ಯೋಜನೆ, ಸರಬರಾಜು ಎಂಬ ಮೂರು ವಿಭಾಗಗಳು ಅದರ ಅಸ್ತಿಭಾರ. ಇದನ್ನು ಪುಸ್ತಕದಲ್ಲಿ ಓದಿದರೆ ಸಾಲದು. ಅಣಕು ಕಾರ್ಯಾಚರಣೆಯಲ್ಲಿ ಒಂದು ಹೊಣೆ ಹೊತ್ತಾಗಲೇ ಅದು ಕೈಗೂಡುತ್ತದೆ. ಆದ್ದರಿಂದ ಇಂಟರ್ನ್‌ಶಿಪ್ ಇರುವ ಪತ್ರಿಕೆಗೆ ಆದ್ಯತೆ ಕೊಡಿ. ‘ಆಪದ ಮಿತ್ರ’ ತರಬೇತಿ, ಎನ್‌ಸಿಸಿ, ಎನ್‌ಎಸ್‌ಎಸ್, ಗೃಹರಕ್ಷಕ ದಳದ ಅನುಭವವೂ ಉಪಯುಕ್ತ.

ಆರಿಸುವ ಮುನ್ನ

ಫಾರಂ ತುಂಬುವ ಮೊದಲು ನಾಲ್ಕು ವಿಷಯ ವಿಚಾರಿಸಿ. ಪತ್ರಿಕೆಯ ಹೆಸರಿಗೆ ಮರುಳಾಗದೆ ಪೂರ್ಣ ಪಠ್ಯಕ್ರಮ ಓದಿ. ಪ್ರಾಯೋಗಿಕ ಗಂಟೆ ಎಷ್ಟು, ಲ್ಯಾಬ್ ಇದೆಯೇ ನೋಡಿ. ಅದಕ್ಕೆ ಮುಂಚೆ ಓದಿರಬೇಕಾದ ಪತ್ರಿಕೆ ಇದೆಯೇ ಕೇಳಿ. ಹಿಂದಿನ ತಂಡದ ವಿದ್ಯಾರ್ಥಿಗಳನ್ನು ಮಾತಾಡಿಸಿ.

ಮೂರೇ ಪತ್ರಿಕೆಗೆ ಅವಕಾಶವಿದ್ದರೆ ನಕ್ಷೆಗೆ ಸಂಬಂಧಿಸಿದ್ದೊಂದು, ಹಣ ಅಥವಾ ಕಾನೂನಿನದೊಂದು, ಜನರಿಗೆ ಸಂಬಂಧಿಸಿದ್ದೊಂದು ಇರಲಿ. ಮೂರರಲ್ಲಿ ಒಂದಾದರೂ ನಿಮಗೆ ಕಷ್ಟವೆನಿಸುವುದೇ ಆಗಿರಲಿ. ಅದನ್ನು ತರಗತಿಯಲ್ಲಿ ತಪ್ಪು ಮಾಡಿ, ತಿದ್ದಿಕೊಂಡು ಕಲಿಯಬಹುದು. ಆಪತ್ತು ಎದುರಿಗೆ ಬಂದ ದಿನ ಆ ಅವಕಾಶ ಇರುವುದಿಲ್ಲ. ಅಂದಿನ ತಪ್ಪಿಗೆ ಬೆಲೆ ತೆರುವವರು ಬೇರೆಯವರು.