ಕಾದವರ ಷೇರು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಹೆಂಗಸರಿಗೆ ಕಾಯುವುದನ್ನು ಯಾರೂ ಕಲಿಸಬೇಕಾಗಿಲ್ಲ. ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿಯಾಗಲು ಸುಮಾರು ಒಂದು ವರ್ಷ ಬೇಕು. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟು ಗಡಗಡ ಎನ್ನುವವರೆಗೆ ಮಗಳ ಮದುವೆಯ ಮಾತೂ ಮುಂದಕ್ಕೆ, ಮಗನ ಕಾಲೇಜಿನ ಫೀಜೂ ಮುಂದಕ್ಕೆ. ಆದರೆ ಅಟ್ಟದ ಕಾಯಿಗೆ ಒಂದು ಗಡುವಿದೆ. ಸರಕಾರದ ಕಡತಕ್ಕೆ ಅದಿಲ್ಲ. ನೀರಾದ ಕಥೆಯನ್ನು ತಿರುವಿ ಹಾಕಿದಾಗಲೆಲ್ಲ ನನಗೆ ಹೀಗೆ ಅನ್ನಿಸುತ್ತದೆ.

ತೆಂಗಿನ ಇನ್ನೂ ಬಿರಿಯದ ಹೊಂಬಾಳೆಯ ತುದಿ ಕೊಯ್ದಾಗ ತೊಟ್ಟಿಕ್ಕುವ ಸಿಹಿರಸವೇ ನೀರಾ. ತಣ್ಣಗಿಟ್ಟರೆ ಪಾನೀಯ, ಕಾಯಿಸಿದರೆ ಬೆಲ್ಲ, ಸಕ್ಕರೆ. ಹಾಗೇ ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಹುಳಿಯೊಡೆದು ಹೆಂಡ. ಈ ಕೆಲವು ಗಂಟೆಗಳ ಅಂತರವೇ ಎಲ್ಲ ತಕರಾರಿಗೂ ಮೂಲ.

ಹೆಂಡದ ಮೇಲಿನ ಭಯ ಹುಸಿಯಾದುದಲ್ಲ. 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಈಚಲ ಮರಗಳನ್ನೇ ಕಡಿದು ಜೈಲಿಗೆ ಹೋದರು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಾಗ ನೆಮ್ಮದಿಯ ಉಸಿರು ಬಿಟ್ಟವರು ನಾವೇ, ಹೆಂಗಸರೇ. ಆದರೆ ಅದೇ ದೇಶದಲ್ಲಿ ಗಾಂಧೀಜಿ ತಾಳೆಬೆಲ್ಲವನ್ನು ಬಡವರ ಉದ್ಯೋಗವೆಂದು ಎತ್ತಿಹಿಡಿದರು. 1957ರಲ್ಲಿ ಸ್ಥಾಪನೆಯಾದ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದಕ್ಕೆ ನೆರವನ್ನೂ ನೀಡಿತು. ಒಂದು ಇಲಾಖೆ ರಸ ಇಳಿಸಿ ಎಂದರೆ, ಇನ್ನೊಂದು ಇಲಾಖೆ ಅದೇ ರಸವನ್ನು ಅಬಕಾರಿ ಕಾಯಿದೆಯ ಕಣ್ಣಲ್ಲಿ ನೋಡಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ.

1990ರ ದಶಕದ ಕೊನೆಯಲ್ಲಿ ತೆಂಗಿಗೆ ನುಸಿ ಬಿತ್ತು. ಕಾಯಿಯ ಮೈಯೆಲ್ಲ ಕಂದುಗಟ್ಟಿ, ಗಾತ್ರ ಕುಗ್ಗಿ, ಮರ ಹೊತ್ತ ಕಾಯಿ ಲೆಕ್ಕಕ್ಕಷ್ಟೇ ಎನ್ನುವಂತಾಯಿತು. ಕಾಯಿ ಕೈಕೊಟ್ಟಾಗ ಹೊಂಬಾಳೆಯಾದರೂ ಕೈಹಿಡಿಯಲಿ ಎಂದು ರೈತರು ನೀರಾ ಇಳಿಸಲು ಅಪ್ಪಣೆ ಕೇಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಆ ಚಳವಳಿ ಗೋಲಿಬಾರಿನಲ್ಲಿ ಕೊನೆಗೊಂಡು ರೈತರು ಜೀವ ಕಳೆದುಕೊಂಡರು.

ಮರುವರ್ಷ, 2002ರಲ್ಲಿ, ಕೇಂದ್ರ ಸರಕಾರ ಕಂಪನಿ ಕಾಯಿದೆಗೆ ತಿದ್ದುಪಡಿ ತಂದು 'ಉತ್ಪಾದಕರ ಕಂಪನಿ' ಎಂಬ ಹೊಸ ಬಾಗಿಲು ತೆರೆಯಿತು. ಹತ್ತು ಜನ ಬೆಳೆಗಾರರು ಕೂಡಿದರೂ ಕಂಪನಿ ಕಟ್ಟಬಹುದು. ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಮತ. ಮುಂದೆ ತೆಂಗು ಅಭಿವೃದ್ಧಿ ಮಂಡಳಿ ಬೆಳೆಗಾರರ ಸಂಘ, ಸಂಘಗಳ ಮೇಲೆ ಒಕ್ಕೂಟ, ಒಕ್ಕೂಟಗಳ ಮೇಲೆ ಕಂಪನಿ ಎಂದು ಮೂರು ಮೆಟ್ಟಿಲು ಕಟ್ಟಿಸಿತು. ಹಳ್ಳಿಯವರು ಕೊಬ್ಬರಿ ಮಾರಿದ ದುಡ್ಡಲ್ಲಿ ಷೇರು ಹಾಕಿದರು. ನೆರೆಯ ಕೇರಳ 2014ರಲ್ಲಿ ನೀರಾಕ್ಕೆ ಅನುಮತಿ ಕೊಟ್ಟಾಗ ಇಲ್ಲಿಯೂ ಆಸೆ ಚಿಗುರಿತು. ಕರ್ನಾಟಕದ ಅಬಕಾರಿ ಕಾಯಿದೆಗೆ ತಿದ್ದುಪಡಿ ಆದದ್ದು 2016ರಲ್ಲಿ. ಗೋಲಿಬಾರಿನಿಂದ ತಿದ್ದುಪಡಿಗೆ ಹದಿನೈದು ವರ್ಷ! ಆಗ ಒಂದನೇ ತರಗತಿಗೆ ಸೇರಿದ ಮಗು ಡಿಗ್ರಿ ಮುಗಿಸುವಷ್ಟು ಕಾಲ.

ಕಾಯಿದೆ ಆದ ಮೇಲೂ ಕೆಲಸ ಮುಗಿಯಲಿಲ್ಲ. ನಿಯಮ ಬೇಕು, ಲೈಸೆನ್ಸ್ ಬೇಕು, ಮರ ಹತ್ತಿ ರಸ ಇಳಿಸಲು ಕಲಿತ ಕೈ ಬೇಕು, ಹುಳಿಯಾಗದಂತೆ ಇಡಲು ಐಸ್ ಪೆಟ್ಟಿಗೆ ಬೇಕು. ಕಾಸರಗೋಡಿನ ತೋಟಗಾರಿಕೆ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯವರು ರಸವನ್ನು ತಣ್ಣಗೆ ಹಿಡಿಯುವ ಪೆಟ್ಟಿಗೆ ರೂಪಿಸಿ, ಆ ರಸಕ್ಕೆ 'ಕಲ್ಪರಸ' ಎಂದು ಹೆಸರಿಟ್ಟರು. ಹೆಂಡದ ಭಯಕ್ಕೆ ವಿಜ್ಞಾನ ಉತ್ತರ ಕೊಟ್ಟಿತು. ಕಡತ ಮಾತ್ರ ತನ್ನ ನಡಿಗೆಯಲ್ಲೇ ಇತ್ತು.

ಕಾಯುವುದಕ್ಕೂ ದುಡ್ಡು ಬೇಕು ಎಂಬುದು ಹೊರಗಿನವರಿಗೆ ಹೊಳೆಯುವುದಿಲ್ಲ. ವ್ಯಾಪಾರ ಇರಲಿ ಬಿಡಲಿ, ಕಂಪನಿ ವರ್ಷ ವರ್ಷ ಲೆಕ್ಕ ಪರಿಶೋಧನೆ ಮಾಡಿಸಬೇಕು, ಸಭೆ ಕರೆಯಬೇಕು, ರಿಜಿಸ್ಟ್ರಾರರಿಗೆ ಕಾಗದ ಕಳಿಸಬೇಕು, ತಪ್ಪಿದರೆ ದಂಡ. ಸಾಲ ತಂದಿದ್ದರೆ ಬಡ್ಡಿ. ದೊಡ್ಡ ಕಂಪನಿಗೆ ಇದು ಕಿವಿಯ ಮೇಲಿನ ಸೊಳ್ಳೆ. ಸಣ್ಣ ಕಂಪನಿಗೆ ಷೇರು ಹಣವನ್ನೇ ಒಳಗಿಂದ ತಿನ್ನುವ ಗೆದ್ದಲು. ಪಟ್ಟಣದ ಷೇರುದಾರರು ಬೇಸರವಾದರೆ ಬೆಳಿಗ್ಗೆ ಮಾರಿ ಸಂಜೆ ದುಡ್ಡು ಎಣಿಸುತ್ತಾರೆ. ಉತ್ಪಾದಕರ ಕಂಪನಿಯ ಷೇರು ಪೇಟೆಗೆ ಬರುವುದಿಲ್ಲ. ಆಡಳಿತ ಮಂಡಳಿ ಒಪ್ಪಿದರೆ ಇನ್ನೊಬ್ಬ ಸದಸ್ಯನಿಗೆ ಮುಖಬೆಲೆಗೆ ವರ್ಗಾಯಿಸಬೇಕು, ಅಷ್ಟೆ. ಕಟ್ಟುನಿಟ್ಟು ಒಳ್ಳೆಯದಕ್ಕೇ, ಹೊರಗಿನ ಸಾಹುಕಾರ ಬಂದು ಕಂಪನಿಯನ್ನು ನುಂಗಬಾರದು. ಆದರೆ ಕಾಯುವ ವರ್ಷಗಳಲ್ಲಿ ಅದೇ ಬೀಗವಾಗುತ್ತದೆ.

ನಮ್ಮ ಕಡೆಯ ಒಬ್ಬ ಅಕ್ಕ ಒಮ್ಮೆ ಕೇಳಿದಳು: "ಟೀಚ್ರೇ, ಕಂಪ್ನಿ ಮುಳುಗೈತಾ ಅಂದ್ರೆ ಇಲ್ಲ ಅಂತಾರೆ. ನಡೀತೈತಾ ಅಂದ್ರೂ ಇಲ್ಲ ಅಂತಾರೆ. ಹಂಗಾದ್ರೆ ನನ್ ದುಡ್ಡು ಎಲ್ಲೈತೆ?" ಸಮಾಜ ಪಾಠ ಹೇಳಿ ಹೇಳಿ ಪಳಗಿದ ನಾಲಿಗೆಗೂ ಉತ್ತರ ಹೊಳೆಯಲಿಲ್ಲ.

ಇದು ನೀರಾದ ಮಾತು ಮಾತ್ರವಲ್ಲ. 2023ರ ಬೆಂಬಲ ಬೆಲೆ ಉಂಡೆ ಕೊಬ್ಬರಿ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ತಿಪಟೂರು ಮಾರುಕಟ್ಟೆಯಲ್ಲಿ ದರ ಅದಕ್ಕಿಂತ ಬಹಳ ಕೆಳಗೆ ಬಿತ್ತು. ಕೊಬ್ಬರಿಯೊಂದನ್ನೇ ನಂಬಿದ ಮನೆಗೆ ಇನ್ನೊಂದು ಊರುಗೋಲು ಇರಬೇಕಿತ್ತು ಎಂದು ಅಂದು ಎಲ್ಲರಿಗೂ ನೆನಪಾಯಿತು.

ಅಬಕಾರಿ ಕಾಯಿದೆ ಸಡಿಲವಾಗಲಿ ಎಂದು ನಾನು ಹೇಳುತ್ತಿಲ್ಲ. ಕುಡಿತ ಮನೆಯೊಳಗೆ ಬಂದರೆ ಏನಾಗುತ್ತದೆಂದು ನನ್ನ ತರಗತಿಯ ಮಕ್ಕಳ ಮುಖದಲ್ಲೇ ಓದಿದ್ದೇನೆ. ಪರೀಕ್ಷೆ ಮಾಡಲಿ, ಷರತ್ತು ಹಾಕಲಿ, ಬೇಡವಾದರೆ ಬೇಡವೆನ್ನಲಿ. ಬೇಡ ಎಂದಿದ್ದರೆ ರೈತರು ಆ ಹಣದಲ್ಲಿ ನಾಲ್ಕು ಹಸು ಕಟ್ಟುತ್ತಿದ್ದರು. ಒಂದು ಕಾಲದಲ್ಲಿ ದೆವ್ವ ಬಾರದಿರಲೆಂದು ಊರೂರ ಬಾಗಿಲುಗಳ ಮೇಲೆ 'ನಾಳೆ ಬಾ' ಎಂದು ಬರೆಯುತ್ತಿದ್ದರು. ದುಡಿದು ತಿನ್ನುವವರು ದೆವ್ವಗಳಲ್ಲ. ಅವರಿಗೆ ನಾಳೆ ಬಾ ಎನ್ನುವ ಕಚೇರಿ, ಆ ನಾಳೆ ಯಾವ ತಾರೀಖು ಎಂಬುದನ್ನೂ ಬರೆದು ಕೊಡಬೇಕು.