ದೊಡ್ಡ ವೀರರಾಜನ ಶಂಕೆ

ಹುಣಸೂರಿನಿಂದ ಆನೆಚೌಕೂರಿನ ಕಾಡು ದಾಟಿದರೆ ತಿತಿಮತಿ. ಅದೇ ರಸ್ತೆ ಗೋಣಿಕೊಪ್ಪ ಹಾದು ವಿರಾಜಪೇಟೆಗೆ ಹೋಗುತ್ತದೆ. ಆ ಪೇಟೆಗೆ ಹೆಸರು ಕೊಟ್ಟ ದೊಡ್ಡ ವೀರರಾಜೇಂದ್ರ, 1788ರಲ್ಲಿ ಪಿರಿಯಾಪಟ್ಟಣದಲ್ಲಿದ್ದ ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಕೊಡಗನ್ನು ಮರಳಿ ಗೆದ್ದವನು.

1807ರಲ್ಲಿ ರಾಣಿ ಮಹದೇವಮ್ಮಾಜಿ ತೀರಿಕೊಂಡಳು. ಅವಳಿಗೆ ಗಂಡುಮಕ್ಕಳಿರಲಿಲ್ಲ. ಮಗಳು ದೇವಮ್ಮಾಜಿಗೆ ಪಟ್ಟ ತಪ್ಪೀತೆಂಬ ಭಯ ರಾಜನನ್ನು ಹಿಡಿಯಿತು. ಕಾವಲಿನವರು, ಬಂಧುಗಳು, ಎಲ್ಲರೂ ಹಗೆಗಳಾಗಿ ಕಂಡರು. ಕೊಲ್ಲಿಸುವನು, ಆವೇಶ ಇಳಿದ ಮೇಲೆ ಪರಿತಪಿಸುವನು. ‘ಹುಚ್ಚು ದೊರೆ’ ಎಂದು ಪುಟ ಮಗುಚಬಹುದು. ನನಗೇಕೋ ಅಷ್ಟು ಸಾಲದು.

1988ರಲ್ಲಿ ಲಂಡನ್ನಿನ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಎರಡು ಜಾಡಿ, ಒಂದರಲ್ಲಿ ಒಂದು ಬಣ್ಣದ 85 ಮಣಿ, ಇನ್ನೊಂದು ಬಣ್ಣದ 15, ಮತ್ತೊಂದರಲ್ಲಿ ಅದು ತಿರುಗುಮುರುಗು. ಒಂದೊಂದೇ ಮಣಿ ತೋರಿಸುತ್ತಾರೆ, ಯಾವ ಜಾಡಿಯದೆಂದು ಹೇಳಬೇಕು. ಭ್ರಮೆಯಿದ್ದವರು ಉಳಿದವರಿಗಿಂತ ಕಡಿಮೆ ಮಣಿ ನೋಡಿಯೇ ತೀರ್ಮಾನಿಸಿದರು. ತರ್ಕವೇನೋ ಇತ್ತು, ಕಾಯುವ ವ್ಯವಧಾನ ಇರಲಿಲ್ಲ.

ನಾವೂ ಒಂದೆರಡು ಮಣಿಗೆ ಮೋಸಹೋಗುತ್ತೇವೆ. ಹೆಂಡತಿಯೋ ಗೆಳೆಯರೋ ತಡೆಯುತ್ತಾರೆ. ಶಂಕೆಗೊಳಗಾಗಿ ಸಾಯಬೇಕಾದ ಅರಮನೆಯಲ್ಲಿ ‘ಇನ್ನೊಂದು ಮಣಿ ನೋಡಿ, ದೊರೆಗಳೇ’ ಎನ್ನುವವರು ಯಾರು?

1809ರಲ್ಲಿ ಅವನು ಸತ್ತ. ಎರಡು ವರ್ಷ ಕಳೆಯುವುದರೊಳಗೆ, 1811ರಲ್ಲಿ, ತಮ್ಮ ಲಿಂಗರಾಜ ದೇವಮ್ಮಾಜಿಯನ್ನು ಬದಿಗೆ ಸರಿಸಿ ತಾನೇ ಗದ್ದುಗೆಯೇರಿದ.